ಉತ್ತರದ ಅಗಸಿ

ಮಂಗಳವಾರ ಸಂಜೀಕ ನಮ್ಮ ಕೋಟಿ ನಮಗ ಇಲ್ಲದಾತು.

ಪ್ರೆಸ್ಸಿನ್ಯಾಗ ಆರನೇತ್ತೆ ಗಣಿತದ ಫಾರ್ಮಾ ಮಡಚಿ ಮಡಚಿ
ಬೆರಳ ತುಂಬ ಅಂಟು ಹತ್ತಿಸಿಕೊಂಡು
ಮುಳಗುಂದ ನಾಕಾದ ಖೋಲಿಗೆ ಬಂದು
ಚಾ ಕುದಿಯೂದ್ರಾಗ ಫೋನ್ ತಗದೆ.
ಅಪ್‌ಡೇಟ್ ಆಗಾಕ ಹತ್ತಿತ್ತು, ಮೂರೂವರಿ ಜೀಬಿ.
ವಾರದ ಪ್ಯಾಕು ನುಂಗಿ, ತೇಗಿ, ಹೇಳಿತು:
ಹಿಮದ ಹೊಸ ನಾಡು ಬಂದೈತಿ.
ಉತ್ತರದ ಅಗಸಿ ದಾಟಬೇಕಂದ್ರ
ಹದಿನಾಕನೂರಾ ತೊಂಬತ್ತೊಂಬತ್ತು.

ಹೊಸಾದಕ್ಕ ರೊಕ್ಕಾ ಕೇಳ್ರಿ, ಬ್ಯಾಡನ್ನೂದಿಲ್ಲ.
ಆದ್ರ ಅಗಸಿ ಆಚೀಕ ನಮ್ಮ ಹಳೇ ಕೋಟಿ ಐತಿ.
ಎರಡು ವರ್ಷ ಕಲ್ಲಿಗೆ ಕಲ್ಲು ಹೊತ್ತು ಕಟ್ಟಿದ್ದು:
ಬೆಟಗೇರಿ ಮಗ್ಗದ ಓಣಿಯ ಶಮಶಾದ್,
ಮುಂಡರಗಿಯ ಬಿಷ್ಟಪ್ಪ, ಇನ್ನೂ ಮೀಸಿ ಮೂಡಿಲ್ಲ,
ಹುಲಕೋಟಿ ಗಿರಣಿಯ ವಾಚಮನ್ ಕಳಕಪ್ಪ ಕಾಕಾ
(ಆಟದಾಗೂ ವಾಚಮನ್ನೇ. ಕೇಳಿದ್ರ, ರೂಢಿ ಐತಲ್ಲವಾ ಅಂತಾನ)
ಮತ್ತ ನಾನು, ಗೋಡಿ ಮ್ಯಾಲೆ ಬಿಲ್ಲು ಹಿಡದು ನಿಂತಾಕಿ.

ನಮ್ಮ ಮಾತಿನ್ಯಾಗ ಕೋಟಿ ಅಂದ್ರ ಎರಡು.
ಒಂದು ಕಲ್ಲಿಂದು, ಒಂದು ರೊಕ್ಕದ್ದು.
ಕಂಪನಿಗೆ ಎರಡನೇದಷ್ಟ ತಿಳಿದೈತಿ.

ಬುಧವಾರ ರಾತ್ರಿ ಶಮಶಾದ್ ಅಂದ್ಲು: ಕುಂದ್ರೂಣು.
ಅಷ್ಟ. ಕತ್ತಿ ಕೆಳಗಿಟ್ಟು, ಅಗಸಿ ಮುಂದ
ಮಣ್ಣಾಗ ಕುಂತೆವು ನಾಕು ಮಂದಿ.
ಬ್ಯಾಟಿ ಇಲ್ಲ, ಲೂಟಿ ಇಲ್ಲ, ಖರೀದಿ ಇಲ್ಲ.
ಹತ್ತು ನಿಮಿಷ ಅಳ್ಳಾಡಲಿಲ್ಲಂದ್ರ ಆಟ ಹೊರಗ ಹಾಕತೈತಿ,
ಅದಕ್ಕ ಒಂಬತ್ತನೇ ನಿಮಿಷಕ್ಕ ಒಬ್ಬೊಬ್ಬರಾಗಿ ಕೆಮ್ಮತೇವಿ.
ಒಂದು ಗೂಳಿಮುಖದ ರಾಕ್ಷಸ ಬಂದು ತುಳದು ಹ್ವಾದ.
ಸತ್ತೆವು. ಬಾವಿಕಟ್ಟಿ ಹತ್ತರ ಹುಟ್ಟಿದೆವು.
ನಡಕೋತ ಬಂದು ಮತ್ತ ಅಲ್ಲೇ ಕುಂತೆವು.

ಗುರುವಾರಕ್ಕ ನಲವತ್ತಾದ್ವಿ. ಶುಕ್ರವಾರ ಸಾವಿರದಾ ಇನ್ನೂರು.
ಯಾವ ದೇಶದವರೋ, ಹೆಸರು ಓದಾಕ ಬರದಂಥವರು
ಬಾಜೂಕ ಬಂದು ಮೊಳಕಾಲು ಮಡಚಿದ್ರು.
ರಾತ್ರಿ ಎರಡು ಗಂಟೆಕ್ಕ ಸಾವಿರ ಮಂದಿ ಕೆಮ್ಮೂದು
ಇಯರ್‌ಫೋನಿನ್ಯಾಗ ಕೇಳೀರೇನು ನೀವು?

ಶನಿವಾರ ಪ್ರೆಸ್ಸಿನ್ಯಾಗ ಒಂದು ಪುಸ್ತಕ ಕೈಗೆ ಬಂತು.
ಮಡಿಕಿ ಕಟಿಂಗ್ ಮಷೀನಿಗೆ ಸಿಕ್ಕಿರಲಿಲ್ಲ.
ಅರವತ್ತೆರಡು, ಅರವತ್ತಮೂರನೇ ಪುಟ ಒಂದಕ್ಕೊಂದು ಕೂಡಿದ್ವು,
ಒಳಗ ಲೆಕ್ಕ ಅದಾವು, ಪೋರಿಗೆ ಕಾಣೂದಿಲ್ಲ.
ಆ ಹಿಮಾನೂ ಹಂಗ. ನನ್ನ ಚೀಲದಾಗ, ನನ್ನ ಫೋನಿನ್ಯಾಗ,
ನನ್ನ ಪ್ಯಾಕಿನ್ಯಾಗ ಇಳಿದು ಕುಂತೈತಿ, ಮೂರೂವರಿ ಜೀಬಿ,
ಬಾಡಿಗಿ ಕೊಡದ ಬಾಡಿಗಿದಾರ.
ಬ್ಲೇಡ್ ತಗೊಂಡು ಪುಟ ಸೀಳಿದೆ. ಒಂದೀಟು ವಾಂಕಾತು.

ಅವತ್ತ ರಾತ್ರಿ ಕಂಪನಿ ಕಾಣಿಕಿ ಕಳಿಸಿತು ಎಲ್ಲಾರಿಗೂ:
ಒಂದು ಟೋಪಿ. ಕೆಂಪಂದು, ಗೊಂಡೆ ಐತಿ, ಪುಕ್ಕಟ.
ಟೋಪಿ ಹಾಕೂದು ಅಂದ್ರ ಏನಂತ
ಅವರಿಗ್ಯಾರೂ ಹೇಳಿಲ್ಲ ಕಾಣಸ್ತೈತಿ.

ರವಿವಾರ ಬಿಷ್ಟಪ್ಪ ಬರಲಿಲ್ಲ.
ಸೋಮವಾರ ಬಂದ, ಅಗಸಿ ಆಚೀಕ.
ಸರಳಿನ ಸಂದ್ಯಾಗ ಅವನ ಮಾರಿ, ಹೆಗಲ ಮ್ಯಾಲೆ ಹಿಮ.
ಅಕ್ಕಾ, ತಗೊಂಡೆ, ಅಂತ ಬರದ. ಮಾಮಾನ ಕಾರ್ಡಿನ್ಯಾಗ.
ಯಾರೂ ಏನೂ ಅನಲಿಲ್ಲ ಬಾಳೊತ್ತು.
ಆಮ್ಯಾಲೆ ಅವನ ಬರದ: ಹಿಮಾ ಚಲೋ ಐತಿ. ಯಾರೂ ಇಲ್ಲ.
ಕೋಟ್ಯಾಗ ದೀಪಾ ಆರಿದ್ವು, ಹಚ್ಚಿ ಬಂದೇನಿ.
ಸರಳಿನಿಂದ ಒಂದು ಕಟಗಿ ತೂರಿದ ನಮ್ಮ ಬೆಂಕಿಗಂತ.
ಅದು ಈಚೀಕ ಬರಲಿಲ್ಲ, ಗಾಳ್ಯಾಗ ಕರಗಿತು.

ಶಮಶಾದ್ ಬಯ್ಯಾಕ ಬಾಯಿ ತಗದಿದ್ಲು.
ಕಳಕಪ್ಪ ಕಾಕಾ ಕೆಮ್ಮಿದ.
ಇನ್ನೂ ಒಂಬತ್ತು ನಿಮಿಷ ಆಗಿರಲಿಲ್ಲ.
ಬಿಷ್ಟಪ್ಪ ಆಚೀಕ, ಹಿಮದಾಗ, ನಮ್ಮ ಕಡೆ ಮಾರಿ ಮಾಡಿ
ತಾನೂ ಕುಂತ.

ಇವತ್ತ ಹನ್ನೊಂದನೇ ದಿನ.
ಹಾಲು ಉಕ್ಕಿತು. ಎದ್ದು ಹೋಗಿ ಗ್ಯಾಸ್ ಸಣ್ಣ ಮಾಡಿದೆ.
ತಿರಗಿ ನೋಡಿದ್ರ, ಹಾಸಿಗಿ ಮ್ಯಾಲಿನ ಬೆಳಕಿನ್ಯಾಗ
ಬಿಲ್ಲಿನಾಕಿ ಕುಂತಲ್ಲೇ ಕುಂತಿದ್ಲು.
ನಾ ಎದ್ದೆ ಅಂತ ಆಕಿ ಏಳಲಿಲ್ಲ.