ಎಡಗೆನ್ನೆ

ಮೊದಲು ತಿಳಿದದ್ದು ಗಿರಾಕಿಗಳ ಎಡಗೆನ್ನೆಗೆ.
ಬಲಗಿವಿಯ ಬಳಿ ಗೆರೆ ಕೊರೆದಂತೆ ನಿಂತ ಕೂದಲು
ಎಡಗಿವಿಯ ಬಳಿ ಒಂದು ಬೆರಳು ಕೆಳಗಿಳಿದಿತ್ತು.
ಗಿರೆಸುನ್ ಬಂದರಿನ ಗಂಡಸರು ಮರ್ಯಾದಸ್ಥರು,
ಮೂವತ್ತು ವರ್ಷ ಕತ್ತು ಒಪ್ಪಿಸಿದ ಕತ್ತಿಗೆ
ತಪ್ಪು ಹಿಡಿಯುವುದು ಹೇಗೆ?
"ಕೈಗಳಿಗೆ ಆರೋಗ್ಯವಿರಲಿ, ಉಸ್ತಾದ್" ಎಂದು
ಕಾಸು ಕೊಟ್ಟು, ಮನೆಗೆ ಹೋಗಿ
ಹೆಂಡತಿಯ ಕತ್ತರಿಯಲ್ಲಿ ಸರಿ ಮಾಡಿಕೊಂಡರು.

ನಾನು ತುಂಜಾಯ್. ಆಗ ನೊರೆ ಕಲೆಸುವ ಹುಡುಗ.
ಕುರ್ಚಿಯ ಬಲಕ್ಕೆ ಕೂದಲ ಗುಡ್ಡೆ, ಎಡಕ್ಕೆ ಬರೀ ನೆಲ.
ಗುಡಿಸುವವನಿಗೆ ಅರ್ಧ ಕೆಲಸ.
ಸುಮ್ಮನಿದ್ದೆ.

ಎಡಗಡೆ ಇಟ್ಟ ಚಹಾಕ್ಕೆ "ಚಹಾ ಎಲ್ಲೋ?" ಎಂದು ಗದರಿ
ಮರುಗಳಿಗೆ ಮೊಣಕೈ ತಗುಲಿಸಿ ಲೋಟ ಒಡೆಯುತ್ತಿದ್ದ.
ಬಾಗಿಲಲ್ಲಿ ಎಡಭುಜ ಬಡಿಯುತ್ತಿತ್ತು,
ಹೊಸ್ತಿಲಲ್ಲಿ ಎಡಗಾಲು ಎಡವುತ್ತಿತ್ತು.
ಎಡವಟ್ಟು ರಿಫ್ಕಿ, ಎಂದ ಪಕ್ಕದ ಮೀನಂಗಡಿಯವನು.
ನಾವೂ ನಕ್ಕೆವು.
ಎಷ್ಟು ಸರಿಯಾದ ಪದ, ಎಷ್ಟು ಬೇಗ ಆಡಿದೆವು,
ಎಷ್ಟು ತಡವಾಗಿ ಕೇಳಿಸಿಕೊಂಡೆವು.

ತಲೆನೋವು? ಇತ್ತು. ಯಾರಿಗಿಲ್ಲ?
ಹೇಜಲ್‌ನಟ್ ಬೆಲೆ ಬಿದ್ದ ವರ್ಷ ಊರಿಗೇ ತಲೆನೋವು.
ಅವನದ್ದು ಮಾತ್ರ ಬೆಳಗಿನ ಬಾಂಗಿಗೂ ಮೊದಲೇ ಏಳುತ್ತಿತ್ತು.
ಕೆಮ್ಮಿದರೆ, ಬೂಟಿನ ದಾರ ಕಟ್ಟಲು ಬಗ್ಗಿದರೆ,
ಒಳಗಿನಿಂದ ಯಾರೋ ಬಾಗಿಲು ದೂಡಿದಂತೆ.
ಮಧ್ಯಾಹ್ನಕ್ಕೆ ಇಳಿಯುತ್ತಿತ್ತು.
ಇಳಿದದ್ದನ್ನೇ ವಾಸಿ ಎಂದುಕೊಂಡ.
ಓಕರಿಕೆಯಿಲ್ಲದೆ ಹಾರಿ ಬರುವ ವಾಂತಿಗೆ
ನಜ್ಮಿಯೆ ನಿನ್ನೆಯ ಮೀನನ್ನು ಬೈದಳು,
ಮೀನು ತಿನ್ನದ ವಾರವೂ ಮೀನನ್ನೇ ಬೈದಳು.
ಹೊಸ ಕನ್ನಡಕ ಮಾಡಿಸಿದ. ಎರಡು ಸಲ.

ಆಸ್ಪತ್ರೆಯ ನರ್ಸ್ ಹುರಿಯೆ ಒಂದು ಶನಿವಾರ
ಮಗನ ತಲೆ ಬೋಳಿಸಲು ಕರೆತಂದಳು. ಹೇನು.
ರಿಫ್ಕಿ ಬೋಳಿಸಿದ, ಬಟ್ಟೆ ಜಾಡಿಸಿದ, "ಆಯಿತು" ಎಂದ.
ಬಲಗಡೆ ಬೆಳ್ಳಗೆ ಹೊಳೆಯುವ ಬುರುಡೆ,
ಎಡಗಡೆ ಹಾಗೆಯೇ ಕಾಡು.
ಹುಡುಗ ಕನ್ನಡಿ ನೋಡಿ ಕಿಸಕ್ಕೆಂದ.
ಅವಳು ನಗಲಿಲ್ಲ.

"ನನ್ನ ಮೂಗನ್ನೇ ನೋಡು, ಉಸ್ತಾದ್."
ಎರಡೂ ಕೈ ಅಗಲಿಸಿ ಬೆರಳಾಡಿಸಿದಳು.
"ಎಷ್ಟು ಕೈ?"
"ಒಂದು."
ರೇಡಿಯೊ ಒಂದೇ ಹಾಡುತ್ತಿತ್ತು ಅಂಗಡಿಯಲ್ಲಿ.

ಆಮೇಲೆ ಕೇಳಿದ್ದೆಲ್ಲ ಸಣ್ಣ ಸಣ್ಣ ಪ್ರಶ್ನೆ.
ಈ ನೋವು ಹಳೆಯದೋ, ಹೊಸ ಬಗೆಯದೋ?
ನಿದ್ದೆಯಿಂದ ಎಬ್ಬಿಸುತ್ತದೋ?
ವಾರದಿಂದ ವಾರಕ್ಕೆ ಏರುತ್ತಿದೆಯೋ?
ಎಡಗೈ ಹೇಳಿದ ಮಾತು ಕೇಳುತ್ತದೋ?
ಒಂದೊಂದಕ್ಕೂ ಅವನಿಗಿಂತ ಮೊದಲು
ನನ್ನ ಬಾಯಲ್ಲಿ ಉತ್ತರವಿತ್ತು. ತಿಂಗಳುಗಳಿಂದ ಇತ್ತು.

"ತಲೆನೋವು ಬಹುಪಾಲು ಬರೀ ತಲೆನೋವೇ," ಎಂದಳು
ಅವನ ಕೋಟು ಹುಡುಕುತ್ತ.
"ಇದು ಒಂಟಿಯಾಗಿ ಬಂದಿಲ್ಲ. ನಡಿ. ಇವತ್ತೇ."
ಮಗನನ್ನು ಅರ್ಧ ತಲೆಯಲ್ಲೇ ಬಿಟ್ಟು ಹೊರಟರು.
ಉಳಿದರ್ಧ ನಾನು ಬೋಳಿಸಿದೆ.
ಅದು ನನ್ನ ಮೊದಲ ತಲೆ.

ಎರಡನೆಯದು ಅವನದ್ದು,
ಟ್ರಾಬ್‌ಜಾನ್‌ನ ಆಸ್ಪತ್ರೆಯಲ್ಲಿ, ಆಪರೇಷನ್ನಿನ ಹಿಂದಿನ ಸಂಜೆ.
ಬಲಗಡೆ ಮಾತ್ರ ಸಾಕು, ಎಂದಿದ್ದರು ಡಾಕ್ಟರು.
ಕಣ್ಣು ಮುಚ್ಚಿ ಕೂತಿದ್ದವನು ಬೆರಳೆತ್ತಿದ:
"ಎರಡೂ ಕಡೆ ಮಾಡು.
ಗಿರಾಕಿಯನ್ನು ಅರ್ಧಕ್ಕೆ ಎಬ್ಬಿಸಬಾರದು."
ನೊರೆ ಸ್ವಲ್ಪ ಹೆಚ್ಚಾಗಿಯೇ ಕಲೆಸಿದೆ.
ಕೈ ನಡುಗುವುದು ಅವನಿಗೆ ತಿಳಿಯದಿರಲಿ ಎಂದು.

ಈಗ ಬಾಗಿಲ ಬಳಿ ಕೂರುತ್ತಾನೆ, ಚಹಾ ಬಲಕ್ಕೆ.
ಎಡದಲ್ಲಿ ಏನಾದರೂ ಬೇಕಾದರೆ
ಕಡಲಹಕ್ಕಿಯಂತೆ ಇಡೀ ತಲೆ ತಿರುಗಿಸುತ್ತಾನೆ.
ಆರು ತಿಂಗಳಿಗೊಮ್ಮೆ ಬಸ್ಸು, ಸ್ಕ್ಯಾನು, ಬಸ್ಸು.

ಗುಡಿಸುವ ಹುಡುಗ ಈಗ ಬೇರೆ.
ಕುರ್ಚಿಯ ಎಡಕ್ಕೆ ಕೂದಲು ಕಡಿಮೆ ಕಂಡರೆ
ನನಗೆ ಹೇಳು, ಎಂದಿದ್ದೇನೆ.
ಯಾಕೆ ಎಂದು ಕೇಳಲಿಲ್ಲ ಅವನು,
ನಕ್ಕ.