ಹೊರಗಿನವರಿಗೆ ಒಂದೇ ಮನೆ

ಶಕ್ತಿನಗರದಲ್ಲಿ ಬೂದಿಗೆ ಬಾಗಿಲು ಬೇಕಿರಲಿಲ್ಲ.
ತೊಳೆದು ಹರವಿದ ಬನಿಯನ್ನಿನ ಮೇಲೆ, ಸಂಡಿಗೆಯ ಮೇಲೆ,
ಕೀಬೋರ್ಡಿನ ಸಂದಿಯಲ್ಲಿ.
ಅಕ್ಕ ದಿನಾ ಅದನ್ನು ಬೋರಲು ಹಾಕಿ
ಮೊರ ಬಡಿದಂತೆ ಬಡಿಯುತ್ತಿದ್ದಳು.

ಫೋನು ನಮ್ಮದು. ಅಪ್ಪ ಬಾಯ್ಲರಿನವನು,
ಹೊತ್ತಲ್ಲದ ಹೊತ್ತಿಗೆ ಕರೆಯಲೆಂದು ಕೊಟ್ಟದ್ದು.
ಎರಡನೆಯ ಕಂಪ್ಯೂಟರು ಪಕ್ಕದ ಕ್ವಾರ್ಟರ್ಸಿನದು;
ಬಂದೇನವಾಜ್ ಚಾಚಾ ಹೈದರಾಬಾದಿನಿಂದ
ಕೂಸಿಗೆ ಹೊದಿಸಿದಂತೆ ದುಪ್ಪಟಿ ಹೊದಿಸಿ
ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದದ್ದು.

"ಇರೋದು ಒಂದ ಲೈನು, ಹಂಚ್ಕೊಂಡ್ರ ಆತು" ಅಂದಳು ಅಕ್ಕ.
ಹಂಚಿಕೊಳ್ಳಬೇಕೆಂದರೆ ಮೊದಲು ಗೋಡೆ ಕೊರೆಯಬೇಕು.
ಗೋಡೆ ಸರ್ಕಾರದ್ದು, ಮೊಳೆ ಹೊಡೆಯಲೂ ಅರ್ಜಿ.
ಭಾನುವಾರ ಮಧ್ಯಾಹ್ನ, ಅಡುಗೆಮನೆಯ ಮೋರಿಯ ಪಕ್ಕ
ಅಮರೇಶ ಮಾವ ಕೂತು ಕೊರೆದ.
ಸದ್ದು ಮುಚ್ಚಲೆಂದು ಆ ಕಡೆ ಚಾಚಿ ಖಾರ ಕುಟ್ಟಿದಳು.
ಖಾರ ಇರಲಿಲ್ಲ. ಬರೀ ಒರಳು ಕುಟ್ಟಿದಳು.

ನಮ್ಮ ಯಂತ್ರದ ವಿಳಾಸದ ಕೊನೆಗೆ ಒಂದು,
ಅವರದಕ್ಕೆ ಎರಡು.
ತಸ್ಲೀಮ ಅದನ್ನು ಕ್ಯಾಲೆಂಡರಿನ ಬೆನ್ನಿಗೆ ಬರೆದಿಟ್ಟಳು.
ಈ ಒಂದು ಎರಡು ನಮ್ಮನಮ್ಮೊಳಗಷ್ಟೆ, ಅಕ್ಕ ಹೇಳಿದಳು,
ಹೊರಗಿನವರಿಗೆ ಎರಡೂ ಒಂದೇ ಮನೆ.
ಕೇಳಿದವರು ಯಾರೆಂದು ಜಗತ್ತಿಗೆ ಗೊತ್ತಾಗುವುದಿಲ್ಲ,
ಬಂದ ಉತ್ತರ ಯಾರದೆಂದು ಈ ಡಬ್ಬಿಯೇ ನೆನಪಿಟ್ಟು ಕೊಡುತ್ತದೆ.
"ಯಾವ ಬಟ್ಟಲು ಯಾರ ಮನೀದಂತ ನನಗ ನೆನಪಿರಂಗಿಲ್ಲೇನು,
ಅಷ್ಟ ಅಲ್ಲ?" ಅಂದಳು ಅಮ್ಮ.
ಅಷ್ಟೇ.

ರಾತ್ರಿ ಹತ್ತೂವರೆಯ ಮೇಲೆ ಕರೆ ಅಗ್ಗ.
ಪಾಳಿ ಮುಗಿಸಿ ಮಲಗಿದ ಅಪ್ಪ ಏಳದಿರಲೆಂದು
ಚೀರುವ ಮೋಡೆಮ್ಮಿಗೆ ಕೌದಿ ಹೊದಿಸುತ್ತಿದ್ದೆವು.
ಅಕ್ಕನಿಗೆ ಗ್ರಹಗಳ ಹುಚ್ಚು.
ಚಿತ್ರ ಮೇಲಿನಿಂದ ಇಳಿಯುತ್ತಿತ್ತು, ಒಂದೊಂದು ಎಳೆ:
ಕತ್ತಲೆ, ಇನ್ನಷ್ಟು ಕತ್ತಲೆ, ಆಮೇಲೊಂದು ಅಂಚು.
ಆ ಕಡೆ ತಸ್ಲೀಮ ಹಳೆಯ ಪ್ರಶ್ನೆಪತ್ರಿಕೆ ಇಳಿಸತೊಡಗಿದರೆ
ನಮ್ಮ ಶನಿ ಅರ್ಧ ಉಂಗುರಕ್ಕೇ ನಿಂತುಬಿಡುತ್ತಿದ್ದ.
ಒಮ್ಮೆ ಅಮ್ಮ ಮರೆತು ರಿಸೀವರ್ ಎತ್ತಿ
"ಯವ್ವಾ, ಒಳಗ ಯಾರೋ ಗಂಟ್ಲ ಹರಕೊಂಡು ಅಳ್ಲಕತ್ತಾರ!" ಅಂದಾಗ
ಗೋಡೆಯಾಚೆಯಿಂದ ಇನ್ನೊಂದು ಅಳು:
"ಹೋತು! ತೊಂಬತ್ತೆರಡರ ತನಕ ಬಂದಿತ್ತು!"

ಬಾಯ್ಲರಿನ ಕೊಳವೆ ಸೋರಿದ ರಾತ್ರಿ
ಹನ್ನೊಂದು ಸಲ ಡಯಲ್ ಮಾಡಿದರಂತೆ.
ಕೊನೆಗೆ ಜೀಪೇ ಬಂತು. "ಅಯ್ಯಣ್ಣೋ" ಎಂಬ ಕೂಗಿಗೆ
ಗುಂಡಿ ತಪ್ಪಾಗಿ ಹಾಕಿಕೊಂಡ ಅಂಗಿಯಲ್ಲೇ ಅಪ್ಪ ಓಡಿದ.
ಬೆಳಿಗ್ಗೆ ಬಂದವನು ಬೈಯಲಿಲ್ಲ.
ಫೋನಿಗೂ ಮೋಡೆಮ್ಮಿಗೂ ನಡುವಿನ ಮೊಳದುದ್ದದ ತಂತಿ ಬಿಚ್ಚಿ
ಬೆರಳಿಗೆ ಸುತ್ತಿ, ಜೇಬಿಗಿಟ್ಟುಕೊಂಡು ಮಲಗಿದ.

ಹದಿನೇಳು ದಿನ ಜಗತ್ತು ಇರಲಿಲ್ಲ.
ತೂತಿನೊಳಗಿನ ನೀಲಿ ತಂತಿಗೆ ಮಾತ್ರ ಯಾರೂ ಏನೂ ಅಂದಿರಲಿಲ್ಲ.
ಮೂರನೆಯ ರಾತ್ರಿ ಅಕ್ಕನ ಪರದೆಯ ಮೇಲೊಂದು ಬೂದುಬಣ್ಣದ ಚೌಕ:
ಏನ್ ಮಾಡ್ಲಕತ್ತಿ.
ಎರಡರಿಂದ ಒಂದಕ್ಕೆ.
ತಸ್ಲೀಮಳ ಕೆಮ್ಮು ಕೂಡ ಕೇಳುವಷ್ಟು ಹತ್ತಿರ,
ಕೂಗಿದ್ದರೆ ಸಾಕಿತ್ತು. ಅಕ್ಕ ಕೂಗಲಿಲ್ಲ.
ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು.
ಒತ್ತಿ ಮುಗಿಯುವುದರೊಳಗೆ ಅದು ಅಲ್ಲಿತ್ತು. ಶನಿಗಾಗಿ
ಇಪ್ಪತ್ತು ನಿಮಿಷ ಕಾಯಿಸುತ್ತಿದ್ದ ಅದೇ ಯಂತ್ರ.

ಆಮೇಲೆ ದಿನವೂ ಚೌಕಗಳು ಬಂದವು.
ಗೋಡೆಯ ಮೇಲಿಂದ, ಹಿತ್ತಿಲಲ್ಲಿ, ನಳದ ಹತ್ತಿರ
ಇಷ್ಟು ವರ್ಷ ಆಡಿದ್ದೆಲ್ಲ ಬೇರೆಯೇ ಮಾತು ಅನ್ನುವಂತೆ.
ನಾನು ಹಿಂದೆ ಬಂದು ನಿಂತರೆ ಅಕ್ಕ ಅಂಗೈಯಿಂದ ಮುಚ್ಚುವಳು.
ಬೆರಳ ಸಂದಿಯಲ್ಲಿ ನನಗೆ ಸಿಕ್ಕಿದ್ದು ಒಂದೇ ಶಬ್ದ:
ಯಾರಿಗೂ.

ಹದಿನೆಂಟನೆಯ ದಿನ ಅಪ್ಪ ತಂತಿ ತಂದು ಟೀವಿಯ ಮೇಲಿಟ್ಟ.
ಹಾಕಿಕೊಳ್ಳಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ.
ಕೇಳಬೇಕಾದವರೂ ಕೇಳಲಿಲ್ಲ.
ಎರಡು ದಿನ ಅದು ಅಲ್ಲೇ ಇತ್ತು,
ಅದರ ಮೇಲೂ ಬೂದಿ ಕೂತಿತು.