ರೈಲಿನ ಮುಂದೆ ನಡೆದವನು

ನನ್ನ ಕೆಲಸ ಹೇಳಿದರೆ ನಗುತ್ತೀರಿ:
ರೈಲಿನ ಮುಂದೆ ನಡೆಯುವುದು.
ಒಂದು ಕೈಯಲ್ಲಿ ಕೆಂಪು ಬಾವುಟ, ಇನ್ನೊಂದರಲ್ಲಿ ಗಂಟೆ,
ಬೆನ್ನ ಹಿಂದೆ ಬುಸುಗುಡುವ ಕಬ್ಬಿಣ.

ವೇಮತ್ ನಿಲ್ದಾಣದಿಂದ ಹಡಗುಕಟ್ಟೆಗೆ ಒಂದೇ ಮೈಲಿ.
ಬೇಲಿಯಿಲ್ಲ, ಗೇಟಿಲ್ಲ,
ಬೀದಿಯೇ ಹಳಿ, ಹಳಿಯೇ ಬೀದಿ.
ಮೀನಂಗಡಿಯ ಮೆಟ್ಟಿಲಿಗೂ ಚಕ್ರಕ್ಕೂ ನಡುವೆ ಒಂದು ಮೊಳ;
ಬೆಕ್ಕಿಗೆ ಸಾಕು, ಬಸುರಿಗೆ ಸಾಲದು.

ನಮ್ಮಜ್ಜ ರೂಬೆನ್ ಸ್ಯಾಮ್‌ವೇಸ್ ಹೇಳುತ್ತಿದ್ದ:
ಮೊದಲು ಇಲ್ಲಿ ಎಂಜಿನ್ನೇ ಇರಲಿಲ್ಲ,
ವ್ಯಾಗನ್ನು ಎಳೆದದ್ದು ಕುದುರೆ.
ಕುದುರೆಗೆ ದಾರಿ ಗೊತ್ತಿತ್ತು,
ಹೆಂಡದಂಗಡಿಯೂ ಗೊತ್ತಿತ್ತು, ತಾನೇ ನಿಲ್ಲುತ್ತಿತ್ತು.
ಉಗಿ ಬಂತು. ಉಗಿಗೆ ಏನೂ ಗೊತ್ತಿಲ್ಲ.
ಗೊತ್ತಿಲ್ಲದ್ದರ ಮುಂದೆ ನಡೆಯಲು ಒಬ್ಬ ಮನುಷ್ಯ ಬೇಕಾದ,
ನಮ್ಮ ಮನೆಯ ಒಲೆ ಉರಿಯಿತು.

ಅಜ್ಜನ ಪಾಠ ಒಂದೇ: ಹಿಂತಿರುಗಿ ನೋಡಬೇಡ.
ನೋಡಿದರೆ ಎಡವುತ್ತೀ.
ಬೆನ್ನನ್ನೇ ಕಿವಿ ಮಾಡಿಕೋ.

ದೇಶದ ರೈಲುಗಳೆಲ್ಲ ವೇಗದ ಮಾತಾಡುವಾಗ
ನನ್ನ ರೈಲಿನ ವೇಗ ನನ್ನ ಮೊಣಕಾಲು.
ಲಂಡನ್ನಿನಿಂದ ಹಾರಿಬಂದ ಎಕ್ಸ್‌ಪ್ರೆಸ್ಸೂ
ಚಳಿಗಾಲದಲ್ಲಿ ನನ್ನ ವಾತಕ್ಕೆ ತಕ್ಕಂತೆ ಕುಂಟುತ್ತಿತ್ತು.
ಡಬ್ಬಿಗಳ ಕಿಟಕಿಯಲ್ಲಿ ಟೊಪ್ಪಿಗೆಯ ದೊರೆಗಳು ಗಡಿಯಾರ ನೋಡುತ್ತ
ಒಣಹಾಕಿದ ನಮ್ಮ ಬನಿಯನ್ನುಗಳ ಪಕ್ಕದಲ್ಲಿ ತೆವಳುತ್ತಿದ್ದರು.

ಆಮೇಲೆ ಕಾರುಗಳ ಕಾಲ.
ಹಳಿಯ ಮೇಲೆ ನಿಲ್ಲಿಸಿ ಐಸ್‌ಕ್ರೀಮಿಗೆ ಹೋದವನ ಹೆಸರು ಕೂಗಿ ಕೂಗಿ,
ಕೊನೆಗೆ ನಾನು, ಫೈರ್‌ಮನ್ ಟಿಝಾರ್ಡ್, ಒಬ್ಬ ಪೊಲೀಸು,
ಬಂಪರು ಹಿಡಿದು ಹೈಸಾ!
ಕುಣಿಸಿ ಕುಣಿಸಿ ಪಕ್ಕಕ್ಕಿಟ್ಟು
ಏನೂ ಆಗದವರಂತೆ ಗಂಟೆ ಬಾರಿಸಿದೆವು.

ಇಷ್ಟೇ ಆಗಿದ್ದರೆ ಹೇಳುತ್ತಿರಲಿಲ್ಲ.

ನಲವತ್ತರ ಜೂನ್.
ಗರ್ನ್ಸಿ ದ್ವೀಪದ ಹಡಗು ಬಂದರೆ ಟೊಮೇಟೊ ಬಂತೆಂದು ಅರ್ಥ,
ಕಟ್ಟೆಯ ತುಂಬ ಹಸಿರುಕಾಯಿಯ ಘಾಟು.
ಆ ಬೆಳಿಗ್ಗೆ ಟೊಮೇಟೊ ಬರಲಿಲ್ಲ. ಮಕ್ಕಳು ಬಂದರು.
ಬುಟ್ಟಿಗೆ ಕಟ್ಟುವಂಥದೇ ಚೀಟಿ, ಕೋಟಿನ ಗುಂಡಿಗೆ.
ಅಪ್ಪ ಅಮ್ಮ ದ್ವೀಪದಲ್ಲಿ; ಜರ್ಮನರು ಆಚೆ ದಡದಲ್ಲಿ.

ರೈಲನ್ನೇ ಕಂಡಿರದ ಮಕ್ಕಳು
ಎಂಜಿನ್ನು ಉಸಿರುಬಿಟ್ಟಾಗ ಮೇಡಮ್ಮನ ಲಂಗ ಹಿಡಿದವು.
ಒಬ್ಬಳು ಮಾತ್ರ ಹತ್ತಿರ ಬಂದು ಬಾವುಟ ಮುಟ್ಟಿದಳು.
ಚೀಟಿಯ ಮೇಲೆ ಏನೋ ಬರೆದಿತ್ತು, ವಾಂತಿಯಲ್ಲಿ ಅಳಿಸಿತ್ತು.
“ನೀನು ಮುಂದೆ ನಡೀತೀಯಾ?”
ಹೂಂ.
“ಕೊನೇತನಕ?”

ನನ್ನ ಕೊನೆ ಎಂದರೆ ನಿಲ್ದಾಣದ ಕೈಕಂಬ.
ಅವಳ ಕೊನೆ ಯಾವ ಊರೋ,
ಯಾರ ಮನೆಯ ಯಾವ ಹಾಸಿಗೆಯೋ.
ಹೂಂ ಅಂದೆ.

ಅವತ್ತು ಆ ಒಂದು ಮೈಲಿಯನ್ನು ಎಷ್ಟು ಹಿಗ್ಗಿಸಬಹುದೋ ಅಷ್ಟು ಹಿಗ್ಗಿಸಿದೆ.
ಎರಡು ಸಲ ಬೂಟಿನ ದಾರ ಬಿಚ್ಚಿ ಕಟ್ಟಿದೆ.
ಡ್ರೈವರು ಬೈಯಲಿಲ್ಲ.
ಮೀನು ಸೀಳುವ ಹೆಂಗಸರು ಕೈ ಒರೆಸಿಕೊಂಡು
ಕಿಟಕಿಗಳಿಗೆ ಬನ್ನು ಕೊಟ್ಟರು, ನಡೆಯುತ್ತಲೇ, ರೈಲಿನ ಜೊತೆಗೇ.

ಕೈಕಂಬದ ಬಳಿ ಪಕ್ಕಕ್ಕೆ ಸರಿದೆ.
ಡಬ್ಬಿಗಳು ದಾಟತೊಡಗಿದವು, ನಿಧಾನ, ಆಮೇಲೆ ನಿಧಾನವಲ್ಲ.
ಅವಳು ಕಿಟಕಿಯಿಂದ ಅರ್ಧ ಹೊರಬಂದು
ಮುಂದೆ ನೋಡುತ್ತಿದ್ದಳು, ಹಳಿಯ ಉದ್ದಕ್ಕೂ,
ನನ್ನನ್ನು ಹುಡುಕುತ್ತ.
ನಾನು ಪಕ್ಕದಲ್ಲೇ ನಿಂತಿದ್ದೆ. ಗಂಟೆ ಬಾರಿಸಬಹುದಿತ್ತು.

ನಲವತ್ತೈದರಲ್ಲಿ ಮಕ್ಕಳು ತಿರುಗಿ ಬಂದರು, ಹಡಗಿನ ಕಡೆಗೆ.
ಐದು ವರ್ಷದಲ್ಲಿ ಕೈಕಾಲು ಉದ್ದವಾಗಿ
ಎಲ್ಲರೂ ಬೇರೆ ಯಾರೋ ಆಗಿದ್ದರು.
ಆ ಬೇಸಿಗೆಯೆಲ್ಲ ಅಜ್ಜನ ಪಾಠ ಮುರಿದೆ.
ಮೂರು ಸಲ ಎಡವಿದೆ.

ಈಗ ಟೊಮೇಟೊ ಲಾರಿಯಲ್ಲಿ ಬರುತ್ತದೆ, ಬೇರೆ ಬಂದರಿಗೆ.
ಡಾಂಬರಿನಲ್ಲಿ ಹಳಿ ಹಾಗೇ ಉಳಿದಿದೆ,
ಸೈಕಲ್ಲಿನವರು ಬಿದ್ದು ಬೈಯುತ್ತಾರೆ.
ಬೆಳಿಗ್ಗೆ ಪೇಪರು ತರಲು ಅದರ ನಡುವೆಯೇ ನಡೆಯುತ್ತೇನೆ,
ಹಿಂದೆ ಯಾರೋ ಹಾರನ್ನು ಒತ್ತುತ್ತಾರೆ.
ಒತ್ತಲಿ.